ಹಳೇ ಕ್ಯಾಬಿನೆಟ್‌ಗೆ ಹೊಸ ಮದರ್‌ಬೋರ್ಡ್: ಕೂತದ್ದೆಷ್ಟು, ಕೂರದ್ದೆಷ್ಟು

ನನ್ನ ಹಳೇ ಡೆಸ್ಕ್‌ಟಾಪ್ 2014ರಲ್ಲಿ ಜೋಡಿಸಿದ್ದು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5, 8 ಜಿಬಿ ಡಿಡಿಆರ್3 ರ‍್ಯಾಮ್, ಒಂದು ಹಾರ್ಡ್ ಡಿಸ್ಕ್. ಆಮೇಲೆ ಒಂದು ಸಾಟಾ ಎಸ್‌ಎಸ್‌ಡಿ ಸೇರಿಸಿದ್ದೆ. ಅಷ್ಟರಲ್ಲೇ ಹನ್ನೊಂದು ವರ್ಷ ತಳ್ಳಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ನನ್ನದರಲ್ಲಿ ಎರಡೂ ಇಲ್ಲ. ಸರಿ, ಹೊಸದು ಕಟ್ಟೋಣ ಅಂತ ಕೂತೆ.

ಆದರೆ ಕ್ಯಾಬಿನೆಟ್ ಇನ್ನೂ ಗಟ್ಟಿಮುಟ್ಟಾಗಿತ್ತು. ದಪ್ಪ ತಗಡು, ಒಂದು ಕಡೆಯೂ ತುಕ್ಕಿಲ್ಲ. ಬಿಸಾಡಲು ಮನಸ್ಸು ಬರಲಿಲ್ಲ. ಕ್ಯಾಬಿನೆಟ್ ಉಳಿಸಿಕೊಂಡ ಮೇಲೆ ಡಿಸ್ಕ್‌ಗಳೂ ಇರಲಿ, ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿ ಕೂಡ ಇರಲಿ, ತಮ್ಮನ ಕಂಪ್ಯೂಟರ್‌ನಿಂದ ಬಿಚ್ಚಿಟ್ಟ, ಪ್ರೊಸೆಸರನ್ನು ತಣ್ಣಗಿಡುವ ಆ ದೊಡ್ಡ ಕೂಲರ್ ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿದೆಯಲ್ಲ, ಅದೂ ಇರಲಿ ಅಂತ ಆಸೆ ಬೆಳೆಯಿತು. ತಾಪತ್ರಯ ಶುರುವಾದದ್ದೇ ಈ ಆಸೆಯಿಂದ. ಹೊಸ ಭಾಗಗಳು ತಮ್ಮತಮ್ಮಲ್ಲಿ ಜಗಳವಾಡಿದ್ದು ಒಂದೇ ಸಲ. ಮಿಕ್ಕ ತಕರಾರೆಲ್ಲ ಹಳೆಯದು ಹೊಸದನ್ನು ಮುಟ್ಟಿದ ಕಡೆಯೇ ಬಂದವು.

ಮೊದಲು ಒಂದು ಹಾಳೆ

ಪಟ್ಟಿ ಬರೆಯುವ ಬದಲು ಚಿತ್ರ ಬರೆದೆ. ಹಾಳೆಯ ನಡುವೆ ಮದರ್‌ಬೋರ್ಡ್ ಅಂತ ಒಂದು ಚೌಕ. ಸುತ್ತ ಪ್ರೊಸೆಸರ್, ರ‍್ಯಾಮ್, ಕೂಲರ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳು, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್. ಯಾವುದು ಯಾವುದನ್ನು ಮುಟ್ಟುತ್ತದೋ ಅವೆರಡರ ನಡುವೆ ಒಂದು ಗೆರೆ. ಆ ಗೆರೆಯ ಮೇಲೆ ಒಂದು ಪ್ರಶ್ನೆ.

ಹೀಗೆ ಬರೆದಾಗ ಪಟ್ಟಿಯಲ್ಲಿ ಕಾಣದ ಗೆರೆಗಳು ಕಂಡವು. ಕೂಲರ್‌ನಿಂದ ಪ್ರೊಸೆಸರ್‌ಗೆ ಗೆರೆ ಎಳೆಯುವುದು ಎಲ್ಲರಿಗೂ ಗೊತ್ತು. ಆದರೆ ಕೂಲರ್‌ನಿಂದ ಕ್ಯಾಬಿನೆಟ್‌ನ ಪಕ್ಕದ ಬಾಗಿಲಿಗೂ ಒಂದು ಗೆರೆ ಇದೆ. ಎತ್ತರ ಜಾಸ್ತಿಯಾದರೆ ಬಾಗಿಲು ಮುಚ್ಚುವುದಿಲ್ಲ. ಕೂಲರ್‌ನಿಂದ ರ‍್ಯಾಮ್‌ಗೂ ಒಂದು ಗೆರೆ ಇದೆ. ಕೂಲರ್‌ನ ಫ್ಯಾನ್ ಮೊದಲನೇ ರ‍್ಯಾಮ್ ಸ್ಲಾಟ್ ಮೇಲೆ ಚಾಚಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡಿನಿಂದ ಹಾರ್ಡ್ ಡಿಸ್ಕ್ ಇಡುವ ಗೂಡಿಗೆ ಇನ್ನೊಂದು ಗೆರೆ.

ಭಾಗಗಳನ್ನು ಆರಿಸಿದರೆ ಹೊಂದುತ್ತವೋ ಇಲ್ಲವೋ ಹೇಳುವ ತಾಣಗಳಿವೆ. ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ರ‍್ಯಾಮ್ ಬಗೆ, ವ್ಯಾಟ್ ಲೆಕ್ಕವನ್ನು ಅವು ಚೆನ್ನಾಗಿಯೇ ನೋಡುತ್ತವೆ. ಆದರೆ ನನ್ನ ಹನ್ನೊಂದು ವರ್ಷದ ಕ್ಯಾಬಿನೆಟ್ ಅವುಗಳ ಪಟ್ಟಿಯಲ್ಲೇ ಇರಲಿಲ್ಲ. ಟೇಪು ಹಿಡಿದು ನಾನೇ ಅಳೆಯಬೇಕಾಯಿತು.

ಪ್ರೊಸೆಸರ್, ಬೋರ್ಡ್, ರ‍್ಯಾಮ್

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪ್ರೊಸೆಸರ್ ಎಎಂಡಿ ರೈಜೆನ್ 5 9600ಎಕ್ಸ್. ಆರು ಕೋರ್, 65 ವ್ಯಾಟ್. ಫೋಟೋ, ಸ್ವಲ್ಪ ವಿಡಿಯೋ, ಪ್ರೋಗ್ರಾಮಿಂಗ್, ಯಾವಾಗಲಾದರೊಮ್ಮೆ ಒಂದು ಗೇಮ್, ಇಷ್ಟಕ್ಕೆ ಧಾರಾಳ ಸಾಕು. ಇದು ಎಎಂ5 ಸಾಕೆಟ್‌ನದು. ಈ ಸಾಕೆಟ್ ಬಂದದ್ದು 2022ರಲ್ಲಿ. ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ಉಳಿಯುತ್ತದೆ ಅನ್ನುವುದೂ ಒಂದು ಕಾರಣ. ಬೋರ್ಡ್ ಬಿ650 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್, ಅಂದರೆ 244 ಮಿಲಿಮೀಟರ್ ಚೌಕ.

ಎಎಂ5 ಅಂದರೆ ಡಿಡಿಆರ್5 ಮಾತ್ರ, ಬೇರೆ ಮಾತೇ ಇಲ್ಲ. ಎಚ್ಚರ ಬೇಕಾದದ್ದು ಇಂಟೆಲ್‌ನ 12, 13, 14ನೇ ತಲೆಮಾರು ಕಟ್ಟುವವರಿಗೆ. ಅಲ್ಲಿ ಅದೇ ಪ್ರೊಸೆಸರ್‌ಗೆ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಹೆಸರಿನಲ್ಲಿ ವ್ಯತ್ಯಾಸ ಒಂದೆರಡು ಅಕ್ಷರ ಅಷ್ಟೇ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್. ಕಣ್ಣಿಗೆ ಒಂದೇ ಥರ ಕಂಡರೂ ನಡುವಿನ ಕಚ್ಚು ಇರುವ ಜಾಗ ಬೇರೆ. ಕೂರುತ್ತಿಲ್ಲ ಅಂತ ಹೆಬ್ಬೆರಳಿಂದ ಜೋರಾಗಿ ಒತ್ತಲು ಹೋದರೆ ಸ್ಲಾಟ್ ಮುರಿಯುತ್ತದೆ.

ರ‍್ಯಾಮ್ ವಿಷಯದಲ್ಲಿ ನಾನು ಎಡವುತ್ತಿದ್ದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇವೆಯಲ್ಲ, ಈಗ 8 ಜಿಬಿಯ ಎರಡು ಹಾಕೋಣ, ಮುಂದೆ ಇನ್ನೆರಡು ಸೇರಿಸೋಣ ಅಂತ ಹಳೇ ಕಾಲದ ಲೆಕ್ಕ ಹಾಕಿದ್ದೆ. ಡಿಡಿಆರ್3 ಕಾಲಕ್ಕೆ ಆ ಲೆಕ್ಕ ನಡೆಯುತ್ತಿತ್ತು. ಎಎಂಡಿ ಕೊಟ್ಟ ಅಂಕಿ ನೋಡಿ ಕಣ್ಣು ತೆರೆಯಿತು. ಈ ಪ್ರೊಸೆಸರ್‌ಗೆ ಎರಡು ರ‍್ಯಾಮ್ ಕಡ್ಡಿ ಹಾಕಿದರೆ ಡಿಡಿಆರ್5-5600 ವೇಗ. ನಾಲ್ಕು ಹಾಕಿದರೆ 3600. ಅದಕ್ಕಿಂತ ಜಾಸ್ತಿ ಓಡಿಸುವವರು ಇದ್ದಾರೆ, ಆದರೆ ಅದು ನಮ್ಮ ನಮ್ಮ ಹೊಣೆ. ಹಾಗಾಗಿ ನಾಲ್ಕು ಸ್ಲಾಟ್ ಇದ್ದರೂ ಎರಡೇ ಇವೆ ಅಂದುಕೊಂಡು 16 ಜಿಬಿಯ ಎರಡು ಕಡ್ಡಿಯ ಜೋಡಿ ತೆಗೆದುಕೊಂಡೆ. 6000 ವೇಗ, ಎಕ್ಸ್‌ಪೋ ಪ್ರೊಫೈಲ್ (ಆ ವೇಗದ ಸೆಟ್ಟಿಂಗ್‌ಗಳನ್ನು ಕಡ್ಡಿಯಲ್ಲೇ ಬರೆದಿಟ್ಟದ್ದು) ಇರುವಂಥದ್ದು. ಬೋರ್ಡ್ ತಯಾರಕರು ತಾವು ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿ ಹಾಕಿರುತ್ತಾರೆ. ಅದರಲ್ಲಿ ಈ ಜೋಡಿಯ ಪೂರ್ತಿ ಮಾಡೆಲ್ ನಂಬರ್ ಇತ್ತು. ಪಟ್ಟಿಯಲ್ಲಿ ಇಲ್ಲದ್ದು ನಡೆಯುವುದೇ ಇಲ್ಲ ಅಂತೇನಲ್ಲ, ಇದ್ದರೆ ರಾತ್ರಿ ನಿದ್ದೆ ಬರುತ್ತದೆ.

ಬಣ್ಣಬಣ್ಣದ ದೀಪದ ರ‍್ಯಾಮ್ ಬೇಡವೆಂದು ಮೊಂಡುಬಿದ್ದೆ. ಸೌಂದರ್ಯದ ಪ್ರಶ್ನೆಯಲ್ಲ, ಎತ್ತರದ್ದು. ಗಿಡ್ಡ ರ‍್ಯಾಮ್ ಸುಮಾರು 33 ಮಿಲಿಮೀಟರ್ ಇದ್ದರೆ, ಮೇಲೆ ದೀಪದ ಕಿರೀಟ ಇಟ್ಟುಕೊಂಡದ್ದು 44ರ ಹತ್ತಿರ ಹೋಗುತ್ತದೆ. ಫ್ಯಾನ್ ಕೆಳಗೆ ಆ ಹತ್ತು ಮಿಲಿಮೀಟರ್‌ಗೇ ಜಗಳ.

ಟೇಪು ಹಿಡಿದ ದಿನ

ಹಳೇ ಬೋರ್ಡ್ ಬಿಚ್ಚಿ, ಧೂಳು ಊದಿ, ಕ್ಯಾಬಿನೆಟ್ ಖಾಲಿ ಮಾಡಿದೆ. ಬೋರ್ಡ್ ಕೂರುವ ತಗಡಿನಿಂದ ಪಕ್ಕದ ಬಾಗಿಲಿನ ಒಳಮೈಗೆ 182 ಮಿಲಿಮೀಟರ್. ಅದಷ್ಟೂ ಕೂಲರ್‌ಗೆ ಸಿಗುವುದಿಲ್ಲ. ಬೋರ್ಡಿನ ಕೆಳಗಿನ ಹಿತ್ತಾಳೆ ಗೂಟ, ಬೋರ್ಡಿನ ದಪ್ಪ, ಸಾಕೆಟ್, ಪ್ರೊಸೆಸರ್, ಎಲ್ಲ ಸೇರಿ 16ರಷ್ಟು ತಿನ್ನುತ್ತವೆ. ಬಾಗಿಲಿಗೆ ತಾಗದಂತೆ ಇನ್ನಷ್ಟು ಬಿಟ್ಟರೆ 160 ಉಳಿಯಿತು. ಕ್ಯಾಬಿನೆಟ್ ಜೊತೆ ಬಂದಿದ್ದ ಹಾಳೆ ಆಮೇಲೆ ಸಿಕ್ಕಿತು. ಅದರಲ್ಲೂ 160 ಅಂತಲೇ ಇತ್ತು. ಹಾಳೆ ಮೊದಲೇ ಹುಡುಕಿದ್ದರೆ ಅಳೆಯುವುದು ತಪ್ಪುತ್ತಿತ್ತು, ಇರಲಿ.

ತಮ್ಮನ ಕೂಲರ್ 158. ಸರಿಯಾಗಿ ಕೂರುತ್ತದೆ ಅಂತ ಖುಷಿಯಾದೆ. ಎಎಂ4 ಎಂಬ ಹಿಂದಿನ ಸಾಕೆಟ್‌ನ ಕೂಲರ್‌ಗಳು ಎಎಂ5ಕ್ಕೂ ನಡೆಯುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಮುಕ್ಕಾಲು ನಿಜ. ಎರಡರಲ್ಲೂ ತೂತುಗಳ ಅಂತರ ಒಂದೇ. ಕಾಲು ಭಾಗದ ಕಥೆ ಬೋರ್ಡಿನ ಬೆನ್ನಿಗಿದೆ. ಎಎಂ4 ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಿದರೆ ಹಿಂದಿನ ಲೋಹದ ಪ್ಲೇಟ್ ಕಳಚಿ ಕೈಗೆ ಬರುತ್ತದೆ. ಎಎಂ5ರಲ್ಲಿ ಸಾಕೆಟ್ಟನ್ನು ಹಿಡಿದಿರುವುದೇ ಆ ಪ್ಲೇಟ್, ಅದನ್ನು ತೆಗೆಯುವ ಹಾಗಿಲ್ಲ. ಬೋರ್ಡಿನ ಜೊತೆಗೇ ಬಂದ ಪ್ಲೇಟಿಗೆ ಸ್ಕ್ರೂ ಬಿಗಿಯುವ ಕೂಲರ್ ಆದರೆ ನಡೆಯುತ್ತದೆ. ತನ್ನದೇ ಬೇರೆ ಪ್ಲೇಟ್ ತರುವ ಕೂಲರ್ ಆದರೆ ಅದನ್ನು ಕೂರಿಸಲು ಜಾಗವೇ ಇಲ್ಲ. ತಮ್ಮನದು ಎರಡನೇ ಜಾತಿಯದು. ಎಎಂ5ರ ಕಿಟ್ ಬೇರೆಯಾಗಿ ಸಿಗುತ್ತದೋ ಅಂತ ತಯಾರಕರ ಪುಟ ನೋಡಿದೆ. ಆ ಮಾಡೆಲ್‌ಗೆ ಇರಲಿಲ್ಲ. ಕೂಲರ್ ಮತ್ತೆ ಡ್ರಾಯರ್ ಸೇರಿತು.

9600ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ಹಾಗಾಗಿ 155 ಎತ್ತರದ ಒಂಟಿ ಫ್ಯಾನಿನ ಹೊಸ ಟವರ್ ಕೂಲರ್ ತಂದೆ. 65 ವ್ಯಾಟ್ ಅಂತ ಬರೆದಿದ್ದರೂ ಈ ಪ್ರೊಸೆಸರ್ ಭರ್ತಿ ಕೆಲಸದಲ್ಲಿ 88 ವ್ಯಾಟ್ ತನಕ ಎಳೆಯುತ್ತದೆ. ಅಷ್ಟಕ್ಕೆ ಒಂದು ಫ್ಯಾನ್ ಸಾಕೋ ಸಾಕು. ನೀರಿನ ಕೂಲರ್ ಯೋಚನೆ ನನಗೆ ಬರಲೇ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5060. ಮೊದಲು ಕಣ್ಣಿಟ್ಟದ್ದು ಮೂರು ಫ್ಯಾನಿನದು, 300 ಮಿಲಿಮೀಟರ್ ದಾಟಿತ್ತು. ನನ್ನ ಕ್ಯಾಬಿನೆಟ್‌ನಲ್ಲಿ ಹಾರ್ಡ್ ಡಿಸ್ಕ್ ಗೂಡು ಇದ್ದರೆ 275 ಜಾಗ. ಗೂಡು ಬಿಚ್ಚಿದರೆ ಬೇಕಾದಷ್ಟು, ಆದರೆ ಆಗ ಹಾರ್ಡ್ ಡಿಸ್ಕ್ ಎಲ್ಲಿಡಲಿ? 145 ವ್ಯಾಟ್‌ನ ಚಿಪ್‌ಗೆ ಮೂರು ಫ್ಯಾನ್ ಯಾಕೆ ಅಂತ ನನ್ನನ್ನೇ ಕೇಳಿಕೊಂಡು ಎರಡು ಫ್ಯಾನಿನದಕ್ಕೆ ಇಳಿದೆ. ಉದ್ದದ ಜೊತೆ ದಪ್ಪವನ್ನೂ ನೋಡಿ. ಕೆಲವು ಕಾರ್ಡ್‌ಗಳು ಎರಡೂವರೆ ಸ್ಲಾಟ್ ತಿನ್ನುತ್ತವೆ, ಮೈಕ್ರೋ ಎಟಿಎಕ್ಸ್ ಬೋರ್ಡಿನಲ್ಲಿ ಕೆಳಗಿನ ಸ್ಲಾಟ್ ಮುಚ್ಚಿಹೋಗುತ್ತದೆ.

ಪಿಸಿಐಇ ಅಂದರೆ ಕಾರ್ಡ್ ಬೋರ್ಡಿನ ಜೊತೆ ಮಾತಾಡುವ ದಾರಿ. 5060 ಕಾರ್ಡ್ ಪಿಸಿಐಇ 5.0, ನನ್ನ ಬೋರ್ಡಿನ ಸ್ಲಾಟ್ 4.0. ಇದಕ್ಕೆ ಹೆದರಬೇಕಿಲ್ಲ. ಪಿಸಿಐಇಯಲ್ಲಿ ಎರಡೂ ಕಡೆಯವು ಕಡಿಮೆ ವೇಗದವರ ಜೊತೆ ಹೆಜ್ಜೆ ಹಾಕುತ್ತವೆ. ಈ ಕಾರ್ಡ್ ಬಳಸುವುದೂ ಆ ದಾರಿಯ ಎಂಟೇ ಲೇನ್. ಹಳೇ 3.0 ಬೋರ್ಡಿಗೆ ಹಾಕುವುದಾದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ಎಂ.2 ಎಂಬ ಮೋಸ

ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಒಂದು ಎಂ.2 ಎಸ್‌ಎಸ್‌ಡಿ ನನ್ನಲ್ಲಿತ್ತು. ಬೋರ್ಡಿನಲ್ಲಿ ಎಂ.2 ಸ್ಲಾಟ್ ಎರಡು. ಒಂದಕ್ಕೆ ಹೊಸ 1 ಟಿಬಿ ಎನ್‌ವಿಎಂಇ (ಪಿಸಿಐಇ ದಾರಿಯಲ್ಲಿ ಓಡುವ ಎಸ್‌ಎಸ್‌ಡಿ), ಇನ್ನೊಂದಕ್ಕೆ ಈ ಹಳೆಯದು ಅಂದುಕೊಂಡೆ. ಅಳತೆಯೂ ಅದೇ 2280, ಅಂದರೆ 22 ಮಿಲಿಮೀಟರ್ ಅಗಲ, 80 ಉದ್ದ.

ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಒಳಗೆ ಓಡುವ ಭಾಷೆ ಎನ್‌ವಿಎಂಇ ಆಗಿರಬಹುದು, ಸಾಟಾ ಆಗಿರಬಹುದು. ಹಳೆಯದರ ತುದಿಯಲ್ಲಿ ಎರಡು ಕಚ್ಚು ಇದ್ದವು, ಸಾಮಾನ್ಯವಾಗಿ ಅದು ಸಾಟಾದ ಗುರುತು, ನನ್ನದೂ ಸಾಟಾ. ಅದು ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯಬಹುದು. ಬೋರ್ಡಿಗೆ ಮಾತ್ರ ಕಾಣಿಸುವುದೇ ಇಲ್ಲ. ಬೋರ್ಡಿನ ಕೈಪಿಡಿಯಲ್ಲಿ ಎರಡೂ ಸ್ಲಾಟ್ ಎದುರು ‘ಪಿಸಿಐಇ ಮಾತ್ರ’ ಅಂತ ಬರೆದಿತ್ತು. ಅದನ್ನು ಓದಿದ್ದರಿಂದ ಒಂದು ಸಂಜೆ ಉಳಿಯಿತು. ಇನ್ನೇನು ಮಾಡುವುದು, ಯುಎಸ್‌ಬಿ ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಂಡೆ. ಆ ಡಬ್ಬಿಗಳಲ್ಲೂ ಸಾಟಾಗೆ ಬೇರೆ, ಎನ್‌ವಿಎಂಇಗೆ ಬೇರೆ ಇರುತ್ತವೆ. ನೋಡಿಕೊಂಡು ತೆಗೆದುಕೊಳ್ಳಿ.

ಮಾನಿಟರ್ ಕೂಡ ಒಂದು ಭಾಗವೇ. ನನ್ನದರಲ್ಲಿ ಡಿವಿಐ ಮತ್ತು ವಿಜಿಎ ಮಾತ್ರ. ಹೊಸ ಕಾರ್ಡಿನಲ್ಲಿ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್. ಎಚ್‌ಡಿಎಂಐನಿಂದ ಡಿವಿಐಗೆ ಬರೀ ತಂತಿ ಸಾಕು, ಎರಡರ ಸಿಗ್ನಲ್ ಒಂದೇ ಬಗೆಯದು. ವಿಜಿಎಗೆ ಹೋಗಬೇಕಾದರೆ ಒಳಗೆ ಚಿಪ್ ಇರುವ ಅಡಾಪ್ಟರ್ ಬೇಕು. ಡಿವಿಐ ತಂತಿ ತಂದು ಈ ಗೆರೆ ಮುಗಿಸಿದೆ.

ಎಸ್‌ಎಂಪಿಎಸ್

ವ್ಯಾಟ್ ಲೆಕ್ಕ ಮೊದಲು. ಪ್ರೊಸೆಸರ್ 88, ಕಾರ್ಡ್ 145, ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ 50 ಅಂದುಕೊಳ್ಳೋಣ. ಮುನ್ನೂರೂ ದಾಟುವುದಿಲ್ಲ. ಎನ್‌ವಿಡಿಯಾ ಈ ಕಾರ್ಡಿಗೆ 550 ವ್ಯಾಟ್ ಎಸ್‌ಎಂಪಿಎಸ್ ಸಾಕು ಅನ್ನುತ್ತದೆ. ನನ್ನ ಹಳೆಯದು ಸರಿಯಾಗಿ 550. ಹಾಗಾದರೆ ನಡೆಯುತ್ತದೆ ಅಲ್ವಾ?

ಹಾಳೆಯ ಗೆರೆ ಮೇಲೆ ‘ವ್ಯಾಟ್ ಎಷ್ಟು’ ಅಂತ ಒಂದೇ ಪ್ರಶ್ನೆ ಬರೆದಿದ್ದೆ. ‘ಪ್ಲಗ್ ಯಾವುದು’ ಅಂತಲೂ ಬರೆಯಬೇಕಿತ್ತು. ಹಳೆಯದರಲ್ಲಿ ಪ್ರೊಸೆಸರ್‌ಗೆ ಇದ್ದದ್ದು ನಾಲ್ಕು ಪಿನ್ನಿನ ಒಂದೇ ಪ್ಲಗ್. ಹೊಸ ಬೋರ್ಡ್ ಎಂಟು ಪಿನ್ನಿನದು ಕೇಳುತ್ತದೆ. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ಪ್ಲಗ್ ಇತ್ತು, ಆದರೆ ಅದನ್ನು ಪ್ರೊಸೆಸರ್ ಜಾಗಕ್ಕೆ ಹಾಕುವಂತಿಲ್ಲ. ಎರಡೂ ಎಂಟೇ ಪಿನ್, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಸಾಲು ಅದಲುಬದಲು. ತಪ್ಪಿ ಸೇರದಿರಲಿ ಅಂತ ಪಿನ್ನುಗಳ ಮೂಲೆಗಳನ್ನು ಬೇರೆ ಬೇರೆ ಆಕಾರದಲ್ಲಿ ಮಾಡಿರುತ್ತಾರೆ. ಜೋರು ಮಾಡಬಾರದು.

ಹನ್ನೊಂದು ವರ್ಷದ ಎಸ್‌ಎಂಪಿಎಸ್‌ಗೆ ಹೊಸ ಭಾಗಗಳ ಜೀವ ಒಪ್ಪಿಸುವುದೂ ಬೇಡವೆನಿಸಿ 650 ವ್ಯಾಟ್‌ನ ಹೊಸದು ತಂದೆ. ತಂತಿಗಳೆಲ್ಲ ಬಿಚ್ಚಿ ಹಾಕಬಹುದಾದ ಮಾಡ್ಯುಲರ್.

ಈಗ ಸೋಮಾರಿತನದ ಕಥೆ. ಹಳೇ ಎಸ್‌ಎಂಪಿಎಸ್‌ನಲ್ಲೂ ಡಿಸ್ಕ್‌ಗಳ ತಂತಿ ಮಾತ್ರ ಬಿಚ್ಚಿ ಹಾಕುವಂಥದ್ದು. ಆ ತಂತಿಯನ್ನು ಹಿಂದೊಮ್ಮೆ ತಗಡಿನ ಹಿಂದೆ ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದೆ. ಡಿಸ್ಕ್ ಕಡೆ ಹೇಗೂ ಅದೇ ಸಾಟಾ ಪ್ಲಗ್. ಬಿಚ್ಚುವುದು ಯಾಕೆ, ಇನ್ನೊಂದು ತುದಿಯನ್ನು ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಿದರಾಯಿತು ಅನ್ನಿಸಿತು. ಆರು ಪಿನ್ನಿನ ತುದಿ. ಚುಚ್ಚಿದೆ. ಟಕ್ ಅಂತ ಕೂತಿತು.

ಅಷ್ಟು ಸಲೀಸಾಗಿ ಕೂತದ್ದೇ ಅನುಮಾನ ಹುಟ್ಟಿಸಿತು. ಎರಡೂ ಬೇರೆ ಬೇರೆ ತಯಾರಕರವು. ಮಲ್ಟಿಮೀಟರ್ ತೆಗೆದೆ. ಡಿಸ್ಕ್, ಬೋರ್ಡ್ ಯಾವುದನ್ನೂ ಸೇರಿಸದೆ, 24 ಪಿನ್ನಿನ ಪ್ಲಗ್‌ನಲ್ಲಿ ಆನ್ ಮಾಡುವ ಪಿನ್ನನ್ನು ಗ್ರೌಂಡ್‌ಗೆ ಒಂದು ತುಂಡು ತಂತಿಯಿಂದ ಸೇರಿಸಿ ಎಸ್‌ಎಂಪಿಎಸ್ ಓಡಿಸಿದೆ. ಹಳೇ ತಂತಿಯ ಕೊನೆಯಲ್ಲಿ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್ ಇತ್ತು. ಅದರಲ್ಲಿ ಕೆಂಪು ತಂತಿ 5 ವೋಲ್ಟ್, ಹಳದಿ 12 ಇರಬೇಕು. ಕೆಂಪಿಗೆ ಕಡ್ಡಿ ಇಟ್ಟೆ. 12 ತೋರಿಸಿತು.

ಎದೆ ಝಲ್ಲೆಂದಿತು. ಡಿಸ್ಕ್ ಸೇರಿಸಿದ್ದರೆ 5 ವೋಲ್ಟ್ ಬರಬೇಕಾದ ಚಿಪ್‌ಗೆ 12 ಹೋಗಿ, ಹನ್ನೊಂದು ವರ್ಷದ ಫೋಟೋಗಳೆಲ್ಲ ಒಂದೇ ಕ್ಷಣದಲ್ಲಿ ಹೋಗುತ್ತಿದ್ದವು. ತಂತಿಯ ಈಚೆ ತುದಿಗೆ, ಅಂದರೆ ಡಿಸ್ಕ್ ಕಡೆಗೆ, ಕಟ್ಟುನಿಟ್ಟಾದ ನಿಯಮ ಇದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಒಬ್ಬೊಬ್ಬ ತಯಾರಕರು ಒಂದೊಂದು ಥರ ಜೋಡಿಸುತ್ತಾರೆ, ಒಬ್ಬರದೇ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಅಚ್ಚುಕಟ್ಟಾಗಿ ಕಟ್ಟಿದ್ದ ತಂತಿಯನ್ನು ಅವತ್ತೇ ಕತ್ತರಿಸಿ ಹಾಕಿದೆ. ಇಟ್ಟುಕೊಂಡಿದ್ದರೆ ಮುಂದೊಂದು ದಿನ ಮರೆತು ಮತ್ತೆ ಚುಚ್ಚುತ್ತಿದ್ದೆ, ನನಗೆ ನನ್ನ ಬುದ್ಧಿ ಗೊತ್ತು.

ಜೋಡಿಸಿದ್ದು

ಹಳೇ ಬೋರ್ಡ್ ಪೂರ್ತಿ ಎಟಿಎಕ್ಸ್, 305 ಮಿಲಿಮೀಟರ್ ಉದ್ದ. ಹೊಸದು ಗಿಡ್ಡ. ಕೆಳಗಿನ ಹಿತ್ತಾಳೆ ಗೂಟಗಳು ಎಲ್ಲ ಕಡೆ ಹೊಂದುವುದಿಲ್ಲ. ಬೋರ್ಡನ್ನು ಮೇಲೆ ಹಿಡಿದು ತೂತುಗಳನ್ನು ಎಣಿಸಿ, ಎರಡು ಗೂಟ ಬಿಚ್ಚಿ ಬೇರೆ ಜಾಗಕ್ಕೆ ಹಾಕಿದೆ. ತೂತಿಲ್ಲದ ಕಡೆ ಗೂಟ ಉಳಿದರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗಬಹುದು.

ರ‍್ಯಾಮ್ ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತದ್ದನ್ನು ಎರಡು ಸಲ ನೋಡಿಕೊಂಡೆ. ಫ್ಯಾನ್ ಮತ್ತು ರ‍್ಯಾಮ್ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಉಳಿಯಿತು. ಬಾಗಿಲು ಮುಚ್ಚಿತು.

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಬೋರ್ಡಿನ ಮೇಲಿನ ಪ್ರೊಸೆಸರ್ ಎಂಬ ಕೆಂಪು ದೀಪ ಉರಿಯುತ್ತಲೇ ಇತ್ತು.

ಹೊಸ ಭಾಗಗಳ ಒಂದೇ ಜಗಳ ಅಂತ ಹೇಳಿದ್ದು ಇದನ್ನೇ. ಬಿ650 ಬೋರ್ಡ್‌ಗಳು 2022ರ ಅಕ್ಟೋಬರ್‌ನಲ್ಲಿ ಬಂದವು. 9600ಎಕ್ಸ್ ಬಂದದ್ದು 2024ರ ಆಗಸ್ಟ್‌ನಲ್ಲಿ. ಸಾಕೆಟ್ ಒಂದೇ ಆದರೂ, ನನ್ನ ಬೋರ್ಡ್ ಡಬ್ಬಿಯೊಳಗೆ ಎಷ್ಟು ದಿನ ಕೂತಿತ್ತೋ, ಅದರ ಬಯಾಸ್‌ಗೆ, ಅಂದರೆ ಬೋರ್ಡನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಮ್‌ಗೆ, ಈ ಪ್ರೊಸೆಸರ್ ಹುಟ್ಟಿದ್ದೇ ಗೊತ್ತಿರಲಿಲ್ಲ. ಬೋರ್ಡ್ ಆರಿಸುವಾಗ ನಾನು ಮಾಡಿದ ಒಂದು ಜಾಣ ಕೆಲಸ ಇಲ್ಲಿ ಕೈಹಿಡಿಯಿತು. ಬಯಾಸ್ ಫ್ಲಾಶ್‌ಬ್ಯಾಕ್ ಬಟನ್ ಇರುವುದನ್ನೇ ಹುಡುಕಿ ತಂದಿದ್ದೆ. ಇದಿದ್ದರೆ ಪ್ರೊಸೆಸರ್ ಓಡದಿದ್ದರೂ ಬಯಾಸ್ ಬದಲಿಸಬಹುದು. ಪ್ರೊಸೆಸರ್, ರ‍್ಯಾಮ್ ಹಾಕದಿದ್ದರೂ ಆಗುತ್ತದೆ, ಕರೆಂಟ್ ಒಂದಿದ್ದರೆ ಸಾಕು.

ಹಳೇ ಕಂಪ್ಯೂಟರನ್ನು ಮೇಜಿನ ಮೇಲೆ ಬಿಚ್ಚಿ ಹರಡಿಯಾಗಿತ್ತು, ತಮ್ಮನ ಲ್ಯಾಪ್‌ಟಾಪಿನಲ್ಲಿ ಹೊಸ ಬಯಾಸ್ ಇಳಿಸಿಕೊಂಡೆ. ಪೆನ್ ಡ್ರೈವ್‌ಗೆ ಹಾಕಿ, ಹಿಂದೆ ಅದಕ್ಕೆಂದೇ ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಬಟನ್ ಒತ್ತಿದೆ. ದೀಪ ಎರಡು ಮೂರು ಸಲ ಮಿಣುಕಿ ನಿಂತುಬಿಟ್ಟಿತು. ಮತ್ತೆ ಒತ್ತಿದೆ, ಅದೇ. ಕೈಪಿಡಿ ತೆರೆದರೆ ಎರಡು ಷರತ್ತು. ಪೆನ್ ಡ್ರೈವ್ ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಫೈಲಿಗೆ ಅವರು ಹೇಳಿದ ಹೆಸರೇ ಇರಬೇಕು. ನನ್ನದು ಎಕ್ಸ್‌ಫ್ಯಾಟ್, ಹೆಸರೂ ಬದಲಿಸಿರಲಿಲ್ಲ. ಎರಡನ್ನೂ ಸರಿಮಾಡಿ ಒತ್ತಿದ ಮೇಲೆ ದೀಪ ಐದಾರು ನಿಮಿಷ ಮಿಣುಕುತ್ತಲೇ ಇತ್ತು. ಆ ಐದಾರು ನಿಮಿಷ ಕರೆಂಟ್ ಹೋಗದಿರಲಿ ಅಂತ ಉಸಿರು ಬಿಗಿಹಿಡಿದು ನಿಂತಿದ್ದೆ.

ಮತ್ತೆ ಸ್ವಿಚ್. ಪರದೆ ಮತ್ತೆ ಕಪ್ಪು. ಈ ಸಲ ಉರಿದದ್ದು ಮೆಮೊರಿಯ ದೀಪ. ರ‍್ಯಾಮ್ ಕಿತ್ತು ಮತ್ತೆ ಹಾಕೋಣ ಅಂತ ಸ್ವಿಚ್ ಕಡೆ ಕೈ ಹೋಗಿತ್ತು. ಅಷ್ಟರಲ್ಲಿ ನೆನಪಾಯಿತು. ಡಿಡಿಆರ್5 ಮೊದಲ ಸಲ ಏಳುವಾಗ ಬೋರ್ಡ್ ಆ ರ‍್ಯಾಮ್‌ನ ಟೈಮಿಂಗ್ ಕಲಿತುಕೊಳ್ಳುತ್ತದೆ, ಅದಕ್ಕೆ ಕೆಲವು ನಿಮಿಷ ಬೇಕು. ಆಗ ಪರದೆಯಲ್ಲಿ ಏನೂ ಬರುವುದಿಲ್ಲ. ಕೈ ಕಟ್ಟಿಕೊಂಡು ಕೂತೆ. ನಾಲ್ಕನೇ ನಿಮಿಷಕ್ಕೆ ಬಯಾಸ್ ಬಂತು. ಬೋರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸಿದವರಲ್ಲಿ ಎಷ್ಟು ಮಂದಿ ಬರೀ ಇನ್ನೆರಡು ನಿಮಿಷ ಕಾಯಬೇಕಿತ್ತೋ ಏನೋ.

ರ‍್ಯಾಮ್ ವೇಗ 4800 ಅಂತ ತೋರಿಸಿತು. 6000 ಅಂತ ಡಬ್ಬಿಯ ಮೇಲೆ ಬರೆದದ್ದು ತಾನಾಗಿ ಬರುವುದಿಲ್ಲ, ಬಯಾಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡಬೇಕು. ಮಾಡಿದೆ, ಮತ್ತೊಂದು ಸುತ್ತು ಕಪ್ಪು ಪರದೆ, ಆಮೇಲೆ 6000 ಬಂತು. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ.

ಹಳೇ ಎಸ್‌ಎಸ್‌ಡಿಯಿಂದ ಹಾಗೇ ಬೂಟ್ ಮಾಡುವ ಆಸೆಯೂ ಇತ್ತು. ಅದು ಹಳೇ ಎಂಬಿಆರ್ ಪದ್ಧತಿಯ ಡಿಸ್ಕ್, ಹೊಸ ಬೋರ್ಡ್ ಬೂಟ್ ಮಾಡುವುದು ಯುಇಎಫ್ಐ ಎಂಬ ಹೊಸ ಪದ್ಧತಿಯಲ್ಲಿ, ಎರಡಕ್ಕೂ ಹೊಂದುವುದಿಲ್ಲ. ಬದಲಿಸುವ ಸಾಧನ ವಿಂಡೋಸ್‌ನಲ್ಲೇ ಇದೆ, ಆದರೆ ಹನ್ನೊಂದು ವರ್ಷದ ಕಸವನ್ನು ಹೊಸ ಮನೆಗೆ ಯಾಕೆ ಹೊರಲಿ ಅಂತ ಹೊಸ ಎನ್‌ವಿಎಂಇಗೆ ಹೊಸದಾಗಿ ವಿಂಡೋಸ್ 11 ಹಾಕಿ, ಹಳೆಯದನ್ನು ಫೈಲ್ ಇಡಲು ಬಿಟ್ಟೆ.

ಕೊನೆಗೆ ಕ್ಯಾಬಿನೆಟ್‌ನ ಮುಂಭಾಗದ ತಂತಿಗಳು. ಯುಎಸ್‌ಬಿ 3ರ 19 ಪಿನ್ ಪ್ಲಗ್ ಆಗಲೂ ಅದೇ, ಈಗಲೂ ಅದೇ, ಕೂತಿತು. ಬೋರ್ಡಿನ ಟೈಪ್-ಸಿ ಜಾಗ ಖಾಲಿ ಉಳಿಯಿತು, ಕ್ಯಾಬಿನೆಟ್‌ನಲ್ಲಿ ಅದಿಲ್ಲವಲ್ಲ. ಪವರ್ ದೀಪದ ಪ್ಲಗ್ ಮಾತ್ರ ಕೂರಲಿಲ್ಲ. ಹಳೇ ಕಾಲದ್ದು ಮೂರು ಪಿನ್ ಅಗಲ, ನಡುವಿನದು ಖಾಲಿ. ಹೊಸ ಬೋರ್ಡಿನಲ್ಲಿ ಪಕ್ಕಪಕ್ಕದ ಎರಡೇ ಪಿನ್. ಸೂಜಿಯಿಂದ ಪ್ಲಾಸ್ಟಿಕ್ ನಾಲಗೆ ಎತ್ತಿ, ಒಂದು ತಂತಿಯನ್ನು ಹೊರಗೆಳೆದು, ನಡುವಿನ ತೂತಿಗೆ ತಳ್ಳಿ, ಉಳಿದ ಮೂರನೇ ತುದಿಯನ್ನು ಬ್ಲೇಡಿನಿಂದ ಕೊಯ್ದೆ. ಚುಚ್ಚಿದೆ. ಕಂಪ್ಯೂಟರ್ ಎದ್ದಿತು, ದೀಪ ಹತ್ತಲಿಲ್ಲ.

ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು. ಪ್ಲಗ್ ತಿರುಗಿಸಿದೆ. ಹತ್ತಿತು.